ಎರಡು ಗಂಟು

ಇದು ಬರೀ ಆಕಳದ್ದಲ್ಲ, ಎಮ್ಮೆಯದೂ ಬೆರೆತಿದೆ — ಮೂಗಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತದೆ, ನೀರಲ್ಲಿ ಬೇಗ ಒಡೆಯುವುದಿಲ್ಲ, ಉಂಡೆ ಉಂಡೆಯಾಗಿ ಅಂಗೈ ಕೆಳಗೆ ಉರುಳುತ್ತದೆ, ಚಾಂದಿಬಾಯಿಗೆ ನೂರು ಸಲ ಹೇಳಿದ್ದೇನೆ ಆಕಳ ಸಗಣಿಯನ್ನೇ ತಾ ಅಂತ, ಹೂಂ ಅಕ್ಕಾ ಅನ್ನುತ್ತಾಳೆ, ತರುವುದು ದಾರಿಯಲ್ಲಿ ಸಿಕ್ಕಿದ್ದು, ಇವತ್ತಾದರೂ ಸರಿಯಾದದ್ದು ತರಬಾರದಿತ್ತೇ, ಇವತ್ತು ಅತ್ತೆಯ ಗಣಾರಾಧನೆ, ಅತ್ತೆ ಹೋಗಿ ಇವತ್ತಿಗೆ ಹನ್ನೊಂದು ದಿನ, ಅಯ್ಯನವರು ಬಂದು ಈ ನೆಲದ ಮೇಲೆ ಕೂರುವವರು, ಉಂಡೆ ಕಂಡರೆ ಯಾರೂ ಏನೂ ಅನ್ನುವುದಿಲ್ಲ, ನನಗೆ ಮಾತ್ರ ಕಾಣುತ್ತದೆ, ನನ್ನ ಕಣ್ಣೇ ಹಾಗೆ, ಇನ್ನೊಂದು ಸಲ ಹಿಸುಕಬೇಕು, ಒಂದು ಹಿಡಿ ಇದ್ದಿಲ ಪುಡಿ ಹಾಕಿದರೆ ಬಣ್ಣ ಸರಿಹೋದೀತು — ಕಾರ್ಖಾನೆಯ ಏಳರ ಭೋಂಗಾ ಕೂಗಿ ಎಷ್ಟು ಹೊತ್ತಾಯಿತು, ಇವರು ಬಸ್‌ಸ್ಟ್ಯಾಂಡಿಗೆ ಹೋದರು, ಹಳಿಯಾಳದ ಬಸ್ಸಿಗೆ ಅಡಿವೆಯ್ಯನವರು ಇಳಿಯುತ್ತಾರೆ, ಇಳಿದು ಅಂಬೇವಾಡಿಯವರೆಗೆ ನಡೆದು ಬರಲು ಅರ್ಧ ತಾಸು, ವಯಸ್ಸಾದವರು, ಮುಕ್ಕಾಲು ತಾಸು ಅನ್ನೋಣ, ಹೊರಗೆ ಕಟ್ಟೆಯ ಮೇಲೆ ನಾದಿನಿ ಈರಕ್ಕ ಕುಂಬಳಕಾಯಿ ಹೆಚ್ಚುತ್ತಿದ್ದಾಳೆ, ಟಕ್ ಟಕ್ ಅಂತ ಕೇಳುತ್ತಿದೆ, ಒಬ್ಬಳೇ ಇದ್ದಾಳೆ, ಹೇಳುವುದಾದರೆ ಇದೇ ಹೊತ್ತು. ಅಯ್ಯನವರು ಬರುವುದರೊಳಗೆ ನಾನು ಈರಕ್ಕನಿಗೆ ಹೇಳಬೇಕು.

ನೆಲ ಸಾರಿಸಿ ಮುಗಿಸಿ ಹೇಳುತ್ತೇನೆ, ಅರ್ಧ ಸಾರಿಸಿದ ನೆಲ ಬಿಟ್ಟು ಹೋದರೆ ಗೆರೆ ಬೀಳುತ್ತದೆ, ಆಮೇಲೆ ಎಷ್ಟು ತಿದ್ದಿದರೂ ಆ ಗೆರೆ ಹೋಗುವುದಿಲ್ಲ — ಬಂಗೂರನಗರದ ಕ್ವಾರ್ಟರ್ಸಿನವರಿಗೆ ಈ ಕಷ್ಟವಿಲ್ಲ, ಸಿಮೆಂಟಿನ ನೆಲ, ಬಾಟಲಿಯ ಫಿನಾಯಿಲು, ನಿಂತುಕೊಂಡೇ ಒರೆಸಿ ಮುಗಿಸುತ್ತಾರೆ, ಮನೆಯೆಲ್ಲ ಔಷಧದ ವಾಸನೆ, ನನಗೆ ಆ ವಾಸನೆ ಆಗದು, ನನ್ನ ಸಂಸಾರಕ್ಕೆ ಸಗಣಿ, ಕೆಮ್ಮಣ್ಣು, ಒಲೆಯ ಬೂದಿ, ಹುಣಸೆಹಣ್ಣು, ಅಂಟವಾಳಕಾಯಿ, ಬೇವಿನ ಸೊಪ್ಪು ಇಷ್ಟೇ ಸಾಕು, ಇಷ್ಟರಲ್ಲಿ ನಾನು ಏನನ್ನೂ ಬೆಳಗಬಲ್ಲೆ, ಹಿತ್ತಾಳೆ ಕೊಡ ಕೊಡಿ, ಎಣ್ಣೆ ಕುಡಿದ ದೀಪ ಕೊಡಿ, ಹೊಗೆ ಹಿಡಿದ ಹಂಡೆ ಕೊಡಿ, ಇಕಿ ಕೈಗೆ ಸಿಕ್ಕರ ಕಾಗೀನೂ ಬೆಳ್ಳಗಾಗತೈತಿ ಅಂತ ಇವರು ಗೆಳೆಯರ ಮುಂದೆ ನಗುತ್ತಿದ್ದರು, ನಾನೂ ಉಬ್ಬುತ್ತಿದ್ದೆ, ಕಾರ್ಖಾನೆಯ ಬಿದಿರು ಕತ್ತರಿಸುವ ಕಡೆ ಕೆಲಸ ಇವರದು, ಬರುವಾಗ ಮೈಯೆಲ್ಲ ಧೂಳು, ಹೊಸ್ತಿಲಲ್ಲೇ ನಿಲ್ಲಿಸಿ ತಲೆಯ ಮೇಲೆ ಎರಡು ಚೊಂಬು ಸುರಿದೇ ಒಳಗೆ ಬಿಡುತ್ತಿದ್ದೆ, ಅಷ್ಟು ಸೊಕ್ಕು ನನಗೆ, ಸೊಕ್ಕೇ ಅದು, ಬೇರೆ ಹೆಸರು ಯಾಕೆ ಇಡಲಿ, ಮಂದಿ ಬಂದಾಗ ಎಷ್ಟು ಸ್ವಚ್ಛ ಇಟ್ಟೀಯವಾ ಮನಿ ಅನ್ನಬೇಕು, ಅಂದಾಗ ಅಯ್ಯೋ ಎಲ್ಲಿದು ಅನ್ನಬೇಕು ನಾನು, ಅಷ್ಟಕ್ಕಾಗಿ ಬೆನ್ನು ಮುರಿಯುತ್ತಿದ್ದೆ. ಆ ಸೊಕ್ಕು ಇಲ್ಲದಿದ್ದರೆ ಅತ್ತೆಯ ಕೊರಳ ಕರಡಿಗೆಗೆ ನಾನು ಕೈ ಹಚ್ಚುತ್ತಿರಲಿಲ್ಲ.

ವೈನಿ, ನೆಲಾ ಆರೇತೇನು, ಈರಕ್ಕ ಹೊರಗಿನಿಂದ ಕೇಳುತ್ತಾಳೆ, ತಟ್ಟಿ ಒಳಗಿಡ್ಲೇನು — ಇಲ್ಲವಾ, ಇನ್ನೂ ಹಸಿ ಐತಿ — ತಟ್ಟೆ ಅಂದರೆ ಆ ತಟ್ಟೆ, ನಿನ್ನೆಯೇ ತೋರಿಸಿದಳು, ಒಂದು ತೆಂಗಿನಕಾಯಿ, ಒಂದು ವಿಭೂತಿ ಉಂಡೆ, ಒಂದು ಬಿಳಿ ಬಟ್ಟೆ, ತಪ್ಪುಕಾಣಿಕೆ, ಪೂಜೆಗೆ ಮೊದಲು ಎಲ್ಲರ ಎದುರು ಅಯ್ಯನವರ ಮುಂದೆ ಇಡಬೇಕಂತೆ, ಅವ್ವ ಲಿಂಗ ಕಳಕೊಂಡಿದ್ಲಲ್ಲ ವೈನಿ, ಆ ತಪ್ಪು ಹಂಗ ಉಳದೈತಿ, ಇದ್ದಾಗ ಕೊಡಲಿಲ್ಲ ನಾವು, ಈಗಾರ ಅಕೀ ಹೆಸರಿಲೆ ಕೊಟ್ಟು ಕಳಕೊಳ್ಳೂಣು, ನನ್ನ ಗಂಡನ ಮನಿ ಮಂದಿ ಎಲ್ಲಾ ಬರ್ತಾರ, ಅವರ ಮುಂದ ಆಗ್ಲಿ — ಹೇಳುತ್ತಾ ಅತ್ತಳು, ನಾನು ಅವಳ ಬೆನ್ನು ಸವರಿದೆ, ಎಂಥ ಕೈ ನನ್ನದು, ಸವರಲು ಮಾತ್ರ ಬರುತ್ತದೆ, ಹೌದವಾ ಹಂಗ ಮಾಡೂಣು ಅಂತ ಬಾಯಿ ಬೇರೆ, ಅವ್ವನ ತಪ್ಪಂತೆ, ಅತ್ತೆ ಲಿಂಗ ಕಳೆದುಕೊಳ್ಳಲಿಲ್ಲ, ಕಳೆದವಳು ನಾನು, ಇಷ್ಟು ಸಣ್ಣ ಮಾತು, ಒಂದೇ ಮಾತು, ಎರಡು ವರ್ಷದಿಂದ ನನ್ನ ಬಾಯಲ್ಲಿ ಕೂತಿದೆ, ಉಗುಳಲೂ ಇಲ್ಲ ನುಂಗಲೂ ಇಲ್ಲ. ನೆಲ ಒಂದು ಮೂಲೆಯಲ್ಲಿ ಆರತೊಡಗಿದೆ, ಅಲ್ಲಿ ಇನ್ನೊಂದು ಸಲ ಬಟ್ಟೆ ಎಳೆಯುತ್ತೇನೆ.

ಮಾನವಮಿಗೆ ನಾಲ್ಕು ದಿನವಿತ್ತು, ಅರವತ್ತನೆಯ ಇಸವಿ, ಮನೆಯ ಗೋಡೆಗೆಲ್ಲ ಸುಣ್ಣ ಬಳಿದು ಮುಗಿಸಿದ್ದೆ, ಪಾತ್ರೆಗಳೆಲ್ಲ ಅಂಗಳದಲ್ಲಿ ಬೋರಲು ಬಿದ್ದು ಹೊಳೆಯುತ್ತಿದ್ದವು, ಅತ್ತೆಗೆ ಜ್ವರ, ಮೂರು ದಿನದ ಜ್ವರ, ಕಣ್ಣಂತೂ ಪೊರೆ ಬಂದು ಮೊದಲೇ ಮಂಜು, ಬಿಸಿನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸುತ್ತಿದ್ದೆ, ಕೊರಳಲ್ಲಿ ಶಿವದಾರ ಬೆವರು ಕುಡಿದು ಕರ್ರಗೆ, ಅದರ ಕೆಳಗೆ ಚರ್ಮ ಕೆಂಪಗೆ ಗುಳ್ಳೆ ಎದ್ದಿದೆ, ಎದೆಯ ಮೇಲೆ ಕರಡಿಗೆ, ಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಕರಡಿಗೆ, ಬೆಳ್ಳಿ ಅಂತ ಹೇಳಿದರೆ ನಂಬಬೇಕು, ಕಬ್ಬಿಣದ ಬಣ್ಣ ಬಂದಿತ್ತು, ಅರವತ್ತು ವರ್ಷದ ಎಣ್ಣೆ, ವಿಭೂತಿ, ಬೆವರು, ನಾನು ಈ ಮನೆಗೆ ಬಂದ ದಿನದಿಂದ ಅದನ್ನು ನೋಡಿ ನೋಡಿ ಕೈ ತುರಿಸುತ್ತಿತ್ತು, ಒಂದು ಹುಣಸೆಹಣ್ಣಿನ ಉಂಡೆ, ಒಂದು ಹಿಡಿ ಬೂದಿ, ಅರ್ಧ ತಾಸಿನ ಕೆಲಸ, ಹಬ್ಬಕ್ಕೆ ಅತ್ತೆ ಎದ್ದು ಕೂತಾಗ ಎದೆಯ ಮೇಲೆ ಹೊಳೆಯಬೇಕು, ಯಾರವಾ ಬೆಳಗಿದ್ದು ಅಂತ ಮಂದಿ ಕೇಳಬೇಕು — ದಾರ ಬಿಚ್ಚಿದೆ, ಮನುಷ್ಯರು ಸತ್ತರೂ ಬಿಚ್ಚದ ದಾರ, ಗುಳ್ಳೆಗೆ ಗಾಳಿಯಾಡಲಿ ಅಂತ ನನಗೆ ನಾನೇ ನೆವ ಹೇಳಿಕೊಂಡೆ, ಅತ್ತೆ ಜ್ವರದ ನಿದ್ದೆಯಲ್ಲಿ ಒಮ್ಮೆ ಮುಲುಕಿದರು, ಅಷ್ಟೇ, ನಾನು ಹಿತ್ತಲಿಗೆ ಓಡಿದೆ.

ಕರಡಿಗೆಯ ಒಳಗೆ ಗಂಟು ಎರಡಿದ್ದವು, ಬಟ್ಟೆಯ ಗಂಟು, ಒಂದು ದೊಡ್ಡದು, ಒಂದು ಸಣ್ಣದು, ಇಲ್ಲೇ ಇರುವುದು ಎಲ್ಲ, ಇದನ್ನೇ ನಾನು ದಿನಕ್ಕೆ ನಾಲ್ಕು ಸಲ ಬಿಚ್ಚಿ ಕಟ್ಟುತ್ತೇನೆ ಮನಸ್ಸಿನಲ್ಲಿ, ಇನ್ನೊಬ್ಬರ ಲಿಂಗ ಮುಟ್ಟಬಾರದು, ಕಣ್ಣಿಟ್ಟು ನೋಡಲೂ ಬಾರದು, ನಮ್ಮವ್ವ ಕಲಿಸಿದ್ದು, ಆದ್ದರಿಂದ ಮುಖ ಆ ಕಡೆ ತಿರುಗಿಸಿದೆ, ಸೆರಗಿನ ತುದಿಯಲ್ಲಿ ಹಿಡಿದು ತೆಗೆದೆ, ಭಕ್ತಿ ಅದು, ಎಲ್ಲ ಪೂರ್ತಿ ಭಕ್ತಿ, ಒಂದೇ ಒಂದು ಸಲ ಕಣ್ಣು ಬಿಟ್ಟು ನೋಡಿದ್ದರೆ, ಪಾಪ ಬಂದರೆ ಬರಲಿ ಅಂತ ನೋಡಿದ್ದರೆ — ನೋಡಲಿಲ್ಲ, ಸೆರಗಿನ ಮೇಲಿಂದ ಒತ್ತಿ ಅಂದಾಜು ಮಾಡಿದೆ, ದೊಡ್ಡದೇ ಲಿಂಗ, ನನ್ನದು ಅಷ್ಟು ದೊಡ್ಡದಿದೆ, ಇವರದೂ ಅಷ್ಟಿದೆ, ಸಣ್ಣದು ಏನೋ ಒಣಗಿದ ಪತ್ರಿಯೋ ವಿಭೂತಿಯ ಚೂರೋ ಇರಬೇಕು, ಮುದುಕರು ಏನೇನೋ ಕಟ್ಟಿಟ್ಟುಕೊಳ್ಳುತ್ತಾರೆ, ದೊಡ್ಡದನ್ನು ತಂದು ದೇವರ ಜಗುಲಿಯ ಮೇಲೆ ವೀಳ್ಯದೆಲೆ ಹಾಸಿ ಇಟ್ಟೆ, ಕೈ ಮುಗಿದೆ, ಸಣ್ಣದನ್ನು ಆಮೇಲೆ ಹೂವಿನ ಗಿಡದ ಬುಡಕ್ಕೆ ಹಾಕಿದರಾಯಿತು ಅಂತ ಬೂದಿ ಪುಟ್ಟಿಯ ಅಂಚಿಗೆ ಇಟ್ಟೆ, ಆಮೇಲೆ ನನಗೆ ಬೆಳ್ಳಿಯೊಂದೇ ಕಂಡಿತು, ಹುಣಸೆಹಣ್ಣು ಹಚ್ಚಿ ನೆನೆಯಬಿಟ್ಟೆ, ಜರಡಿ ಹಿಡಿದ ನುಣ್ಣನೆ ಬೂದಿ, ತೆಂಗಿನ ನಾರು, ಸಂದಿಗೆ ಬೇವಿನ ಕಡ್ಡಿ, ಕೊನೆಗೆ ಅಂಟವಾಳದ ನೊರೆ, ಕಪ್ಪು ಹರಿದು ಹೋದಾಗ ಕರಡಿಗೆಯ ಮೇಲೆ ಬಳ್ಳಿಯ ಕೆತ್ತನೆ ಎದ್ದಿತು, ಅಲ್ಲಿ ಬಳ್ಳಿ ಇದೆ ಅಂತ ಇವರಿಗೂ ಗೊತ್ತಿರಲಿಲ್ಲ, ನಾನು ನಗುತ್ತಿದ್ದೆ, ಒಬ್ಬಳೇ ಹಿತ್ತಲಲ್ಲಿ ಕೂತು ನಗುತ್ತಿದ್ದೆ, ಅಷ್ಟರಲ್ಲಿ ಡಾಕಪ್ಪನ ಬಂಡಿ ಬಂತು, ಚಾಂದಿಬಾಯಿಯ ಗಂಡ ಡಾಕಪ್ಪ, ಮುಂಡಗೋಡ ಕಡೆಯ ತಾಂಡೆಯವನು, ಕೋಗಿಲಬನದಲ್ಲಿ ಹೊಳೆಯ ದಂಡೆಗೆ ಒಂದು ತುಂಡು ಹೊಲ ಮಾಡಿ ಬದನೆ ಮೆಣಸು ಹಾಕುವವನು, ವಾರಕ್ಕೊಮ್ಮೆ ಮನೆಮನೆಯ ಬೂದಿ ಕಸ ಒಯ್ಯುತ್ತಾನೆ, ಬೂದಿ ಐತೇನ್ರೀ ಅಕ್ಕಾರ ಅಂದ, ಐತಿ ಒಯ್ಯಪಾ ಅಂತ ಪುಟ್ಟಿ ಎತ್ತಿ ನಾನೇ ಬಂಡಿಗೆ ಸುರಿದೆ. ಕರಡಿಗೆ ಬೆಳಗಿದ ಖುಷಿಯಲ್ಲಿ ಅಂಚು ನೋಡಲಿಲ್ಲ.

ಮರುದಿನ ಮುಂಜಾನೆ ಜ್ವರ ಬಿಟ್ಟಿತ್ತು, ಅತ್ತೆ ಜಳಕ ಮಾಡಿ ಬಂದು ಮಣೆಯ ಮೇಲೆ ಕೂತರು, ಕರಡಿಗೆಯಲ್ಲಿ ಗಂಟು ಇಟ್ಟು ಕೊರಳಿಗೆ ಕಟ್ಟಿದ್ದೆ ನಾನು, ಬೆರಳಾಡಿಸಿದರು, ಇದೇನವಾ ಇಷ್ಟ ನುಣುಪು, ಯಾರದಿದು — ನಿಮ್ದ ಅತ್ತಿ, ಬೆಳಗೇನಿ — ಮುಖ ಅರಳಿತು, ಚೊಲೋ ಬೆಳಗೀದಿ ನೀಲವ್ವಾ, ಅಂದರು, ಆ ಮಾತು ಕೇಳಿ ನಾನು ಅಡಿಗೆಮನೆಗೆ ಹೋಗದೆ ಅಲ್ಲೇ ನಿಂತೆ, ಇನ್ನೆರಡು ಒಳ್ಳೆಯ ಮಾತು ಬೀಳಲಿ ಅಂತ ನಿಂತೆ, ನಿಂತದ್ದಕ್ಕೇ ಎಲ್ಲ ನೋಡಬೇಕಾಯಿತು, ಜ್ವರಕ್ಕೆ ಜೋಮು ಹಿಡಿದ ಬೆರಳಿಂದ ಗಂಟು ತೆಗೆದು ಬಿಚ್ಚಿದರು, ಎಡಗೈ ಮುಂದೆ ಚಾಚಿ ಅಂಗೈ ಮೇಲೆ ಇಟ್ಟುಕೊಂಡರು, ಬಲಗೈಯಿಂದ ನೀರು ಹನಿಸಿದರು, ಅಂಗೈಯಲ್ಲಿದ್ದದ್ದು ಕರಗತೊಡಗಿತು, ಬೆಳ್ಳಗೆ, ಬೆರಳ ಸಂದಿಯಿಂದ ಮಣೆಯ ಮೇಲೆ ಹನಿ ಹನಿ — ವಿಭೂತಿ ಉಂಡೆ, ನಾನು ವೀಳ್ಯದೆಲೆ ಹಾಸಿ ಕೈ ಮುಗಿದದ್ದು ವಿಭೂತಿ ಉಂಡೆಗೆ — ಅತ್ತೆ ಹೆಬ್ಬೆರಳಿನಿಂದ ಮುಟ್ಟಿ ನೋಡಿದರು, ಕರಡಿಗೆಯಲ್ಲಿ ತಡಕಿದರು, ಮತ್ತೆ ಅಂಗೈ ಮುಟ್ಟಿದರು, ಸಣ್ಣ ಗಂಟು ಎಲ್ಲೈತಿ ನೀಲವ್ವಾ, ಅಂದರು, ಮೆಲ್ಲಗೆ, ತೊಟ್ಟಿಲದಾಗ ಕಟ್ಟಿದ್ದು ಅದು, ಭಾಳ ಸಣ್ಣದು, ಕಡಲಿ ಕಾಳಿಗಿಂತ ಚೂರ ದೊಡ್ಡದು, ಸಣ್ಣ ಗಂಟಿನ್ಯಾಗ ಇತ್ತು — ಕೂಸಾಗಿದ್ದಾಗ ಕಟ್ಟಿದ ಲಿಂಗ, ಅರವತ್ತಾರು ವರ್ಷ ನೀರು ಹಾಕಿ ಹಾಕಿ ಸವೆದ ಲಿಂಗ, ಎಲ್ಲರಂತೆ ದೊಡ್ಡವಳಾದ ಮೇಲೆ ಬೇರೆ ಕಟ್ಟಿಸಿಕೊಳ್ಳದೆ ಅದನ್ನೇ ಇಟ್ಟುಕೊಂಡಿದ್ದರಂತೆ, ನನಗೇನು ಗೊತ್ತು, ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದೆ, ಮುಖ ತಿರುಗಿಸಿಯೇ ಇದ್ದೆ, ಗೊತ್ತೆಲ್ಲಿಂದ ಆಗಬೇಕು. ಎಡಗೈ ಹಾಗೇ ಚಾಚಿತ್ತು, ಅತ್ತೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನು ಮರೆತಿದ್ದರು.

ಪೂಜೆಯಾಗದೆ ನೀರಿಲ್ಲ, ನೀರಿಲ್ಲದೆ ಅನ್ನವಿಲ್ಲ, ಜ್ವರದಿಂದ ಎದ್ದ ಜೀವ, ನಾನು ಜರಡಿ ಹಿಡಿದು ಕೋಗಿಲಬನಕ್ಕೆ ಓಡಿದೆ, ಸೀರೆ ಎತ್ತಿ ಕಟ್ಟಿ ಓಡಿದೆ, ಡಾಕಪ್ಪ ಬೂದಿಯನ್ನು ಆಗಲೇ ಬದನೆಯ ಸಾಲಿಗೆ ಹರವಿದ್ದ, ಚಾಂದಿಬಾಯಿ ನೀರು ಕಟ್ಟುತ್ತಿದ್ದಳು, ಏನ ಕಳೀತ ಅಕ್ಕಾ, ಅಂದಳು, ಆಗ ನನ್ನ ನಾಲಿಗೆಗೆ ಏನಾಯಿತೋ, ಅತ್ತೆಯ ಲಿಂಗವನ್ನು ಬೂದಿಯಲ್ಲಿ ಎಸೆದೆ ಅಂತ ಹೇಗೆ ಹೇಳಲಿ, ಒಂದು ದಿನದಲ್ಲಿ ಅಂಬೇವಾಡಿಯ ಮನೆಮನೆಗೆ ಹೋಗುತ್ತದೆ ಮಾತು, ನೀಲಕ್ಕನ ಸ್ವಚ್ಛ ನೋಡ್ರಿ ಅಂತಾರೆ — ಮೂಗುತಿ, ಅಂದೆ, ನನ್ನ ಮೂಗುತಿ ಕಳೀತವಾ, ಸಣ್ಣದು, ಬಂಗಾರದ್ದು — ಮೂಗಲ್ಲಿದ್ದದ್ದನ್ನು ದಾರಿಯಲ್ಲೇ ಬಿಚ್ಚಿ ಸೆರಗಿಗೆ ಕಟ್ಟಿಕೊಂಡಿದ್ದೆನೇ, ಅಥವಾ ಅವಳು ಆ ಕಡೆ ತಿರುಗಿದಾಗ ಬಿಚ್ಚಿದೆನೇ, ನೆನಪಿಲ್ಲ, ಬಿಚ್ಚಿದ್ದಂತೂ ನಿಜ, ಅಷ್ಟು ಬುದ್ಧಿ ಓಡಿತು ಆ ಹೊತ್ತಿನಲ್ಲಿ — ಹೊತ್ತು ಮುಳುಗುವತನಕ ಇಬ್ಬರೂ ಜರಡಿ ಹಿಡಿದೆವು, ಒಂದು ಸಾಲು ಅವಳು, ಒಂದು ಸಾಲು ನಾನು, ಕಾಜಿನ ಬಳೆ ಗಲಗಲ ಅನ್ನಿಸುತ್ತಾ ಪಾಪ ಎಷ್ಟು ಮುತುವರ್ಜಿಯಿಂದ ಹುಡುಕಿದಳು, ಹಸಿ ಬೂದಿಯನ್ನು ಬೆರಳಲ್ಲಿ ಉಜ್ಜಿ ಉಜ್ಜಿ, ಸೂರ್ಯನಿಗೆ ಹಿಡಿದು ಹೊಳೆಯುತ್ತದೇನೋ ಅಂತ ನೋಡುತ್ತಿದ್ದಳು, ಹೊಳೆಯುವುದನ್ನು ಹುಡುಕುತ್ತಿದ್ದಳು, ನಾನು ಹೇಳಿದ್ದೇ ಹೊಳೆಯುವುದು. ನನ್ನ ಸಾಲಲ್ಲಿ ಒಂದು ಬಟ್ಟೆಯ ಚಿಂದಿ ಸಿಕ್ಕಿತು, ಬಿಚ್ಚಿಕೊಂಡಿತ್ತು, ಅದರಲ್ಲಿ ಏನೂ ಇರಲಿಲ್ಲ.

ಎರಡನೆಯ ದಿನವೂ ಅತ್ತೆ ತುಟಿಗೆ ನೀರು ಮುಟ್ಟಿಸಲಿಲ್ಲ, ಇವರಿಗೆ ಎರಡು ದಿನ ಡಬಲ್ ಪಾಳಿ, ಬಂದು ನೋಡಿ ಹೌಹಾರಿದರು, ಏನಾತವ್ವಾ — ನಾನು ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದೆ, ಹೇಳಬೇಕು ಅಂತ ಬಾಯಿ ತೆರೆದಿದ್ದೆ, ಆಣೆ ಮಾಡಿ ಹೇಳುತ್ತೇನೆ ತೆರೆದಿದ್ದೆ, ಅಷ್ಟರಲ್ಲಿ ಅತ್ತೆಯ ದನಿ, ಲಿಂಗ ಹೋತಪಾ ನಂದು, ನಿನ್ನಿ ಜ್ವರ ಬಿಟ್ಟಿತಂತ ಹೊಳಿಗೆ ಜಳಕಕ್ಕ ಹೋಗಿದ್ದೆ, ಕೈ ಜಾರಿ ನೀರಾಗ ಬಿತ್ತು, ಕಣ್ಣ ಕಾಣಲಿಲ್ಲ ನನಗ — ಇವರು ಸಿಟ್ಟಾದರು, ಕಣ್ಣ ಕಾಣೂದಿಲ್ಲಂದ್ರ ಹೊಳಿಗೆ ಯಾಕ ಹೋಗ್ತಿ, ಮನ್ಯಾಗ ನೀರ ಇದ್ದಿದ್ದಿಲ್ಲೇನು, ಮರ್ಯಾದಿ ಕಳದಿ ನಮ್ಮದು — ಬೈಗುಳ ಕೇಳುತ್ತಾ ಅತ್ತೆ ನೆಲ ನೋಡುತ್ತಿದ್ದರು, ನಾನು ಸಾರಿಸಿದ ನೆಲ, ಸೌಟು ನನ್ನ ಕೈಯಲ್ಲೇ ಇತ್ತು, ಇವರು ಹೊರಗೆ ಹೋದ ಮೇಲೆ ಕಾಲು ಹಿಡಿದೆ, ಅತ್ತೀ, ನಾ ಹೇಳ್ತೇನಿ ಅವರಿಗೆ — ಹೇಳಿದ್ರ ಸಿಗತೈತೇನವಾ, ಅಂದರು, ನೀ ಇನ್ನೂ ಬಾಳೇ ಮಾಡಾಕಿ, ಇಡೀ ಜನ್ಮ ಅಂದ ಆಡಿ ತೋರಸ್ತಾರ ನಿನಗ, ನಂದೇನು, ಇದ್ದರ ಎರಡ ದಿವಸ, ಬಿಡು — ಬಿಡು ಅಂದರು, ನಾನು ಬಿಟ್ಟೆ, ಎಷ್ಟು ಬೇಗ ಬಿಟ್ಟೆ, ಎರಡನೇ ಸಲ ಹೇಳ್ತೇನಿ ಅನ್ನಲಿಲ್ಲ, ಮೈ ಹಗುರಾದದ್ದು ನೆನಪಿದೆ, ನಾಚಿಕೆಯಿಲ್ಲದ ಮೈ. ಮೂರನೆಯ ದಿನ ಅಡಿವೆಯ್ಯನವರು ಬಂದು ಹೊಸ ಲಿಂಗ ಕಟ್ಟಿದರು, ತಪ್ಪುಕಾಣಿಕಿ ಒಂದ ಕೊಡಬೇಕಾಗತೈತಿ ನೋಡ್ರಿ ಗುರುಸಿದ್ದವ್ವಾ, ಆರಾಮಾದ ಮ್ಯಾಲ ಮಠಕ್ಕ ಬರ್ರಿ ಅಂದರು, ಅತ್ತೆ ಹೂಂ ಅಂದರು, ತೀರ್ಥ ತೆಗೆದುಕೊಂಡರು, ನಾನು ಗಂಜಿ ಕುಡಿಸಿದೆ, ಎಲ್ಲ ಮುಗಿಯಿತು ಅಂದುಕೊಂಡೆ, ಆ ವಾರವೇ ಚಾಂದಿಬಾಯಿ ಸಗಣಿ ತಂದವಳು ಮಾತಿಗೆ ಅಂದಳು, ನಿನ್ನ ಮೂಗುತಿ ಸಿಗಲಿಲ್ಲಲ್ಲ ಅಕ್ಕಾ, ನನ್ನ ಜರಡ್ಯಾಗ ಬರೇ ಇದ್ದಿಲ, ಬೆಂಚಿಕಲ್ಲು, ಒಂದ ಸಣ್ಣ ಕರಿ ಕಲ್ಲ ಇತ್ತು, ದುಂಡಗ, ನುಣ್ಣಗ, ಬೀಜ ಅಂತ ತಿಳದೆ, ಕಲ್ಲ ಅದು, ಹೊಳ್ಯಾಗ ಒಗದೆ. ನಾನು ಸಗಣಿಯ ಪುಟ್ಟಿ ತೆಗೆದುಕೊಂಡು ಒಳಗೆ ಬಂದೆ.

ಮೂಗುತಿ ಅನ್ನದಿದ್ದರೆ, ಕರಿ ಕಲ್ಲು ಅಂದಿದ್ದರೆ ಸಿಗುತ್ತಿತ್ತು, ಅದೇ ಸಂಜೆ ಸಿಗುತ್ತಿತ್ತು, ಅವಳ ಬೆರಳಲ್ಲಿತ್ತು ಅದು, ನನ್ನಿಂದ ನಾಲ್ಕು ಮಾರು ದೂರ, ಇಬ್ಬರೂ ಅಕ್ಕಪಕ್ಕದ ಸಾಲಲ್ಲಿ ಬಗ್ಗಿದ್ದೆವು — ಅತ್ತೆ ನನಗಾಗಿ ಹೇಳಿದ ಸುಳ್ಳು ನಿಜವಾಗಿ ಕೂತಿತು, ಹೊಳೆಯಲ್ಲೇ ಹೋಯಿತು ಲಿಂಗ, ಇದನ್ನು ಅತ್ತೆಗೂ ಹೇಳಲಿಲ್ಲ ನಾನು, ಹೇಳಿದ್ದರೆ ನಗುತ್ತಿದ್ದರೋ ಅಳುತ್ತಿದ್ದರೋ, ಮಠಕ್ಕೆ ಹೋಗಲಾಗಲೇ ಇಲ್ಲ, ಒಂದು ಸಲ ಕಾಲು ನೋವು, ಒಂದು ಸಲ ಮಳೆ, ನಾನೂ ಮುಂದಾಗಿ ಕರೆದೊಯ್ಯಲಿಲ್ಲ, ಅಷ್ಟರಲ್ಲಿ ಈರಕ್ಕನ ಕೂಸಿಗೆ ಲಿಂಗ ಕಟ್ಟುವ ದಿನ ಬಂತು, ಹಳಿಯಾಳದ ಹತ್ತಿರ ಅವಳ ಗಂಡನ ಮನೆ, ಅತ್ತೆ ಎಂಟು ದಿನ ಮೊದಲೇ ಅಂಟವಾಳದ ನೀರಲ್ಲಿ ಹಸಿರು ಸೀರೆ ತಾವೇ ಹಿಂಡಿ ಮಡಚಿಟ್ಟಿದ್ದರು, ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ತಾಯಿಯ ತಾಯಿಯ ಹಕ್ಕು ಅವರ ಕಡೆ, ಅಯ್ಯನವರು ಬರುವ ಹೊತ್ತಿಗೆ ಈರಕ್ಕನ ಅತ್ತೆ ಬಾಗಿಲಲ್ಲಿ ನಿಂತು, ಬ್ಯಾಡ್ರಿ ಬೀಗತಿ, ಲಿಂಗ ಕಳಕೊಂಡಾಕಿ ತೊಡಿಮ್ಯಾಲ ಕೂಸಿನ ಕಟ್ಟಿಸೂದು ಚೊಲೋ ಅಲ್ಲ, ನೀವು ಹಿಂದ ಕೂಡ್ರಿ — ಎಷ್ಟು ಸಲೀಸಾಗಿ ಅಂದಳು, ಈರಕ್ಕ ತಲೆ ತಗ್ಗಿಸಿದಳು, ಅತ್ತೆ ಹೌದ್ರೀ ಖರೇ ಐತಿ ಅಂದರು, ಎದ್ದು ಹಿತ್ತಲ ಬಾಗಿಲಿಗೆ ಬಂದು ನನ್ನ ಪಕ್ಕ ಕೂತರು, ನಾನು ಪಾತ್ರೆ ತಿಕ್ಕುತ್ತಿದ್ದೆ, ಅಲ್ಲಿಯೂ ಬೂದಿ, ಒಳಗಿನಿಂದ ಕೂಸು ಅಳುವುದು ಕೇಳಿಸಿತು, ಕಟ್ಟಿದ್ರೇನ, ಅಂತ ಕೇಳಿದರು ಅತ್ತೆ, ಕಟ್ಟಿರಬೇಕು ಅಂದೆ, ಆಗ ಎದ್ದು ಹೋಗಿ ನಡುಮನೆಯಲ್ಲಿ ನಿಂತು ಕಳೆದಾಕಿ ನಾನು ಅಂದಿದ್ದರೆ ಏನಾಗುತ್ತಿತ್ತು, ಬಯ್ಯುತ್ತಿದ್ದರು, ಇವರು ನಾಲ್ಕು ದಿನ ಮಾತು ಬಿಡುತ್ತಿದ್ದರು, ಅಷ್ಟೇ, ಅಷ್ಟೇ ತಾನೇ. ಆ ತಂಬಿಗೆಯನ್ನು ನಾನು ಮೂರು ಸಲ ತಿಕ್ಕಿದೆ.

ವೈನೀ, ಏನ್ ಮಾಡ್ತಿ ಒಳಗ, ಎಷ್ಟ ಸಾರಸ್ತಿ ಆ ನೆಲಾನ — ಬಂದೆವಾ, ಒಂದ ಮೂಲಿ ಉಳದೈತಿ — ಯಾವ ಮೂಲೆಯೂ ಉಳಿದಿಲ್ಲ, ಈ ಮೂಲೆ ಅತ್ತೆ ಮಲಗುತ್ತಿದ್ದ ಮೂಲೆ, ಇದನ್ನು ಮೂರನೆಯ ಸಲ ಸಾರಿಸುತ್ತಿದ್ದೇನೆ, ಹನ್ನೊಂದು ದಿನದ ಹಿಂದೆ ಇಲ್ಲೇ, ಮಧ್ಯಾಹ್ನ, ಉಸಿರು ಸಣ್ಣಗಾಗಿತ್ತು, ಕಣ್ಣು ಪೂರಾ ಹೋಗಿತ್ತು, ಎಡಗೈ ಮುಂದೆ ಚಾಚಿದರು, ಪೂಜೆಗೆ ಚಾಚುವ ಹಾಗೆ, ನನಗೆ ತಿಳಿಯಿತು, ಕರಡಿಗೆ ಬಿಚ್ಚಿ ಲಿಂಗ ತೆಗೆದೆ, ಈ ಸಲ ಮುಖ ತಿರುಗಿಸಲಿಲ್ಲ, ಕಣ್ಣಿಟ್ಟು ನೋಡಿ ತೆಗೆದು ಅಂಗೈ ಮೇಲೆ ಇಟ್ಟೆ, ಹೆಬ್ಬೆರಳು ಮೆಲ್ಲಗೆ ಬಂದು ಮುಟ್ಟಿತು, ಸುತ್ತ ಸವರಿತು, ಒಮ್ಮೆ, ಎರಡು ಸಲ — ಇದಲ್ಲವಾ, ಅಂದರು, ಸಿಟ್ಟಿಲ್ಲ, ಏನಿಲ್ಲ, ಮನೆಯಲ್ಲಿ ಚಮಚ ಕೇಳಿ ಬೇರೆ ಚಮಚ ಕೊಟ್ಟಾಗ ಅನ್ನುವ ಹಾಗೆ, ಇದಲ್ಲ, ಆ ಸಣ್ಣದು — ಅಂಗೈ ಓರೆ ಮಾಡಿದರು, ಲಿಂಗ ಜಾರಿ ಕೌದಿಯ ಮೇಲೆ ಬಿತ್ತು, ಕೈ ಚಾಚಿಯೇ ಇತ್ತು, ಕಾಯುತ್ತಿತ್ತು, ಕೊಡುತ್ತೇನೆ ನಾನು ಅಂತ ನಂಬಿ ಕಾಯುತ್ತಿತ್ತು, ಅದೇ ಹೊತ್ತಲ್ಲಿ ಉಸಿರು ನಿಂತಿತು, ಸಮಾಧಿಯ ಗೂಡಿನಲ್ಲಿ ಕೂರಿಸಿದಾಗ ಅಯ್ಯನವರು ಹೊಸ ಲಿಂಗವನ್ನು ಎಡಗೈಯಲ್ಲಿಟ್ಟು ಬೆರಳು ಮಡಚಲು ನೋಡಿದರು, ಮಡಚಲಿಲ್ಲ, ಸೆಟೆದು ಹೋಗಿದ್ದವು, ಬಟ್ಟೆಯಲ್ಲಿ ಸುತ್ತಿ ಕಟ್ಟಿದರು, ಇವರು ಅಳುತ್ತಾ ಮಣ್ಣು ಹಾಕಿದರು. ಯಾರಿಗೂ ಏನೂ ಅನ್ನಿಸಲಿಲ್ಲ, ಸತ್ತವರ ಕೈ ಹಾಗೇ ಇರುತ್ತದೆ ಅಂದರು.

ಈಗ ಹೇಳುತ್ತೇನೆ, ಎದ್ದೆ, ಕೈ ತೊಳೆದೆ, ಹೊಸ್ತಿಲಿಗೆ ಬಂದೆ, ಈರಕ್ಕ ತಲೆ ಎತ್ತಿದಳು, ಮುಖ ಅತ್ತೆಯದೇ, ಅದೇ ಹಣೆ, ಈರಕ್ಕಾ, ಒಂದ ಮಾತ — ಅಂದೆ, ಅಂದೇಬಿಟ್ಟೆ, ಏನ ವೈನಿ, ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು, ಎಷ್ಟ ಸೊರಗೀದಿ ನೀ, ನಾ ಊರಾಗ ಎಲ್ಲಾರ ಮುಂದ ಹೇಳ್ತೇನಿ ನೋಡು, ನಮ್ಮವ್ವಗ ಹೆತ್ತ ಮಗಳು ನಾ ಅಲ್ಲ, ನಮ್ಮ ವೈನಿ ಅಂತ, ಕಡೀತನಾ ಉಚ್ಚಿ ಬಳದಾಕಿ ನೀನು — ನಾನು ಕೈ ಬಿಡಿಸಿಕೊಂಡೆ, ಹೇಳು ಏನೋ ಅಂದ್ಯಲ್ಲ, ಅಂದಳು, ಏನಿಲ್ಲವಾ, ಹೋಳು ಸಣ್ಣ ಹೆಚ್ಚು ಅಂತ, ಅಂದೆ, ನೆಲಾ ಆರೇತೇನು ಅಂದಳು, ಆರೇತಿ ಬಾ, ಅಂದೆ — ಅಷ್ಟರಲ್ಲಿ ಬೀದಿಯಲ್ಲಿ ಇವರ ದನಿ, ಬರ್ರಿ ಅಯ್ನಾರ, ಬರ್ರಿ, ಹಿಂದೆ ಬಸ್ಸಿನಲ್ಲಿ ಬಂದ ಮಂದಿ, ಈರಕ್ಕನ ಅತ್ತೆಯೂ ಇದ್ದಾಳೆ, ಪಾದ ತೊಳೆಯುವ ನೀರು ನಾನೇ ಹಾಕಿದೆ, ಬೆರಳಿನ ಉಗುರಲ್ಲಿ ಇನ್ನೂ ಸಗಣಿಯ ಹಸಿರಿತ್ತು, ಎಲ್ಲರೂ ಕೂತರು, ಎಷ್ಟ ಚೆಂದ ಸಾರಸ್ಯಾಳ ನೋಡ್ರಿ ನೆಲಾನ ಅಂತ ಯಾರೋ ಅಂದರು, ಅಯ್ಯನವರು ಕಣ್ಣು ಮುಚ್ಚಿ ತೆರೆದು, ತಪ್ಪುಕಾಣಿಕಿ ಯಾರ ಹೆಸರಿಲೆ, ಹೇಳ್ರಿ, ಅಂದರು, ಈರಕ್ಕ ತಟ್ಟೆ ಎತ್ತಿದಳು, ಬಾಯಿ ತೆರೆದಳು, ನಿಲ್ಲಿಸಿದಳು, ತಿರುಗಿ ತಟ್ಟೆಯನ್ನು ನನ್ನ ಕೈಯಲ್ಲಿಟ್ಟಳು, ನೀ ಹೇಳು ವೈನಿ, ಈ ಮನಿ ಸೊಸಿ ನೀನು, ನೀ ಹೇಳೂದು ಚೊಲೋ — ಎಲ್ಲರೂ ನನ್ನನ್ನು ನೋಡುತ್ತಿದ್ದಾರೆ, ಇವರು ನೋಡುತ್ತಿದ್ದಾರೆ, ನನ್ನ ಹೆಸರು ಎಷ್ಟು ಸಣ್ಣದು, ನೀಲಕ್ಕ, ಒಂದು ಉಸಿರಲ್ಲಿ ಮುಗಿಯುತ್ತದೆ, ಹೇಳು, ಹೇಳೇ, ಹದಿನೈದು ವರ್ಷದಲ್ಲಿ ಅತ್ತೆಯ ಹೆಸರನ್ನು ಒಮ್ಮೆಯೂ ಬಾಯಲ್ಲಿ ತಂದವಳಲ್ಲ ನಾನು, ಸೊಸೆಯಾದವಳು ಹೇಳಬಾರದು — ಗುರುಸಿದ್ದವ್ವ, ಅಂದೆ, ಗುರುಸಿದ್ದವ್ವನ ಹೆಸರಿಲೆ, ಅಯ್ಯನವರು ತಲೆಯಾಡಿಸಿ ತಟ್ಟೆ ತೆಗೆದುಕೊಂಡರು, ಕಾಯಿ ಹೋಯಿತು, ವಿಭೂತಿ ಹೋಯಿತು, ಬಟ್ಟೆ ಹೋಯಿತು, ನನ್ನ ಕೈ ಖಾಲಿ, ನನ್ನದಲ್ಲ ಅವರದು, ಎಡಗೈ, ಕೌದಿಯ ಮೇಲೆ, ಚಾಚಿದೆ, ಐದೂ ಬೆರಳು ಬಿಚ್ಚಿವೆ, ಅಂಗೈಯಲ್ಲಿ ಏನೂ ಇಲ್ಲ, ಇದಲ್ಲವಾ, ಎಡಗೈ, ಚಾಚಿದ್ದು, ಕಾಯುತ್ತಿದೆ —